ಕಿರ್ಯೂವಿನಲ್ಲಿ ನಮ್ಮ ಶೀನ

ಹಿಂದೂಪುರ

ನಾನು ಜಪಾನಿಗೆ ಹೋಗಿ ಬಂದೆ ಎಂದರೆ ಹಿಂದೂಪುರದಲ್ಲಿ ಇವತ್ತಿಗೂ ಅರ್ಧ ಜನ ನಂಬುವುದಿಲ್ಲ. ಉಳಿದ ಅರ್ಧ ನಂಬುತ್ತಾರೆ, ಆದರೆ ಯಾಕೆ ಹೋಗಿದ್ದೆ ಎಂದು ಹೇಳಿದ ಮೇಲೆ ಅವರೂ ನಂಬುವುದನ್ನು ಬಿಡುತ್ತಾರೆ. ಬೋರ್ಡ್ ಬರೆಯುವವನನ್ನು ವಿಮಾನದಲ್ಲಿ ಯಾರು ಕರೆಸಿಕೊಳ್ಳುತ್ತಾರೆ ಎಂಬುದು ಅವರ ಪ್ರಶ್ನೆ. ವಿಮಾನ ಹತ್ತುವ ತನಕ ನನ್ನದೂ ಅದೇ ಪ್ರಶ್ನೆಯಾಗಿತ್ತು.

ನನ್ನ ಹೆಸರು ಬಸವರಾಜ. ಊರಿಗೆಲ್ಲ ಬೋರ್ಡ್ ಬಸಣ್ಣ. ಮೂವತ್ತು ವರ್ಷದಿಂದ ಅಂಗಡಿ, ಲಾರಿ, ಶಾಲೆ, ಕಲ್ಯಾಣ ಮಂಟಪಗಳ ಮೇಲೆ ಕನ್ನಡದಲ್ಲೂ ತೆಲುಗಿನಲ್ಲೂ ಅಕ್ಷರ ಬರೆಯುತ್ತಿದ್ದೇನೆ. ಎರಡೂ ಲಿಪಿ ಅಣ್ಣತಮ್ಮಂದಿರು. ಕನ್ನಡದ ತಲೆಕಟ್ಟು ಅಡ್ಡಕ್ಕೆ ಮಲಗಿರುತ್ತದೆ, ತೆಲುಗಿನದು ಮೇಷ್ಟ್ರು ಹಾಕುವ ರೈಟ್ ಗುರುತಿನ ಹಾಗೆ ಎದ್ದು ನಿಂತಿರುತ್ತದೆ. ಹೆಚ್ಚುಕಡಿಮೆ ಇಷ್ಟು ವ್ಯತ್ಯಾಸವನ್ನು ನಂಬಿಕೊಂಡೇ ಸಂಸಾರ ನಡೆಸಿದವನು ನಾನು. ಫ್ಲೆಕ್ಸ್ ಬಂದ ಮೇಲೆ ಕುಂಚದ ಕೆಲಸ ಕಡಿಮೆಯಾಯಿತು, ಬಿಡುವು ಜಾಸ್ತಿಯಾಯಿತು, ಬಿಡುವಿನಲ್ಲಿ ಮಾಂಗಾ ಓದುವ ಚಟ ಹತ್ತಿತು.

ಮಾಂಗಾ ಎಂದರೆ ಜಪಾನಿನ ಚಿತ್ರಕಥೆ ಪುಸ್ತಕ. ಈ ಮಾತು ಹೇಳಿದರೆ ನಮ್ಮೂರ ಕನ್ನಡದವರಿಗೆ ಕೋತಿ ನೆನಪಾಗುತ್ತದೆ, ತೆಲುಗಿನವರಿಗೆ ಮಂಗಮ್ಮ ನೆನಪಾಗುತ್ತಾಳೆ. ಗೋಡೆ ಬರೆಯುವಾಗ ನೆಲಕ್ಕೆ ಬಣ್ಣ ಬೀಳದಂತೆ ಹಾಸಲು ನಾನು ಗುಜರಿ ಅಂಗಡಿಯಿಂದ ಹಳೆ ಕಾಗದ ತರುತ್ತೇನೆ. ಒಮ್ಮೆ ಆ ಕಟ್ಟಿನಲ್ಲಿ ಇಂಗ್ಲಿಷಿಗೆ ತಂದ ಒಂದು ಮಾಂಗಾ ಸಿಕ್ಕಿತು. ಕೂತು ಓದಿದೆ. ಮೊದಲ ಪುಟದಲ್ಲಿ ಸತ್ತುಬಿದ್ದಿದ್ದ ಮುದುಕ ಐವತ್ತನೇ ಪುಟದಲ್ಲಿ ಎದ್ದು ಕೂತ, ನೂರನೇ ಪುಟದಲ್ಲಿ ಅವನಿಗೆ ಮದುವೆಯಾಯಿತು, ಕೊನೆಗೆ ಶಾಲೆಗೆ ಸೇರಿದ. ಎಂಥ ಭರವಸೆಯ ಜನ ಎಂದು ಮೆಚ್ಚಿಕೊಂಡೆ. ಮಾಂಗಾ ಬಲಗಡೆಯಿಂದ ಎಡಕ್ಕೆ ಓದಬೇಕು ಎಂದು ತಿಳಿಯುವ ಹೊತ್ತಿಗೆ ಆ ಪುಸ್ತಕವನ್ನು ನಾಲ್ಕು ಜನಕ್ಕೆ ಓದಿ ಎಂದು ಹಂಚಿಯಾಗಿತ್ತು.

ಅಲ್ಲಿಂದ ಶುರುವಾದದ್ದು ಶಿಫಾರಸಿನ ಚಟ. ಅಂಗಡಿಗೆ ಯಾರೇ ಬಂದರೂ ಒಂದು ಪುಸ್ತಕ ತಗುಲಿಸಿ ಕಳಿಸುತ್ತೇನೆ. ನಮ್ಮ ಪಿ.ಟಿ. ಮೇಷ್ಟ್ರಿಗೆ ಕೊಟ್ಟದ್ದು ಹಗ್ಗ ಎಳೆಯುವ ಆಟದ ಸರಣಿ. ಹನ್ನೆರಡು ಸಂಪುಟ. ಮೂರು ನಿಮಿಷದ ಒಂದು ಪಂದ್ಯ ಎರಡು ಸಂಪುಟ ನಡೆಯುತ್ತದೆ, ಓದಿ ಮುಗಿಸಿದಾಗ ಅಂಗೈ ಉರಿಯುತ್ತದೆ. ದಯವಿಟ್ಟು ಓದಿ. ಮೆಡಿಕಲ್ ಸ್ಟೋರಿನವನಿಗೆ ಕೊಟ್ಟದ್ದು ಬಾವಿಯೊಳಗಿನ ದೆವ್ವದ ಸರಣಿ. ಅದೂ ಚೆನ್ನಾಗಿದೆ, ಆದರೆ ಆಮೇಲಿಂದ ಅವನು ತೋಟದ ಮೋಟರು ಹಾಕಲು ಹೆಂಡತಿಯನ್ನೇ ಕಳಿಸುತ್ತಾನಂತೆ. ಒಬ್ಬ ಹೆಂಗಸು ತನ್ನ ತಾಯಿಯ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆಯುತ್ತಾ ಮನೆತನದ ಕಥೆ ಹೇಳುವ ಒಂದು ಗ್ರಾಫಿಕ್ ಕಾದಂಬರಿ ಇದೆ, ಒಂದೇ ಸಂಪುಟ. ಅದನ್ನು ಓದಿ ನಾನು ಅತ್ತುಬಿಟ್ಟೆ. ನನ್ನ ಹೆಂಡತಿ ಎರಡು ಪುಟ ನೋಡಿ, ಸಕ್ಕರೆ ಡಬ್ಬಿ ಪಕ್ಕಕ್ಕೇ ಉಪ್ಪಿನ ಡಬ್ಬಿ ಇಟ್ಟವಳ ಕಥೆ ತನಗೆ ಬೇಡವೆಂದು ಹಿಂದಕ್ಕೆ ಕೊಟ್ಟಳು.

ನನ್ನ ಕಥೆ ತಿರುಗಿದ್ದು ಚಿಲಮತ್ತೂರಿನಲ್ಲಿ. ಅಲ್ಲಿ ಹೈವೇ ಪಕ್ಕದ ಒಂದು ಹೋಟೆಲಿಗೆ ನಾನು ಬರೆದಿದ್ದ ಬೋರ್ಡನ್ನು ಬೆಂಗಳೂರಿನ ಒಬ್ಬ ಪ್ರಕಾಶಕಿ ಕಾಫಿ ಕುಡಿಯುತ್ತಾ ನೋಡಿದರಂತೆ. ಅವರು ಒಂದು ಮಾಂಗಾವನ್ನು ಕನ್ನಡಕ್ಕೆ ತರುತ್ತಿದ್ದರು. ಕಿರ್ಯೂ ಎಂಬ ರೇಷ್ಮೆ ಊರಿನಲ್ಲಿ ಮನೆಮನೆಗೆ ಹೋಗಿ ಮಗ್ಗ ರಿಪೇರಿ ಮಾಡುವ ಒಬ್ಬ ಹೆಂಗಸಿನ ಕಥೆ, ಮೂರು ಸಂಪುಟ. ಮಗ್ಗಗಳು ಒಂದೊಂದಾಗಿ ನಿಲ್ಲುತ್ತಾ ಹೋಗುತ್ತವೆ, ಅವಳು ಮಾತ್ರ ಸಲಕರಣೆ ಚೀಲ ಹೊತ್ತು ತಿರುಗುತ್ತಲೇ ಇರುತ್ತಾಳೆ. ಮಾಂಗಾದಲ್ಲಿ ಸದ್ದನ್ನೂ ಚಿತ್ರದ ಹಾಗೆ ಬರೆಯುತ್ತಾರೆ. ಬಾಗಿಲು ಬಡಿದರೆ ಆ ಸದ್ದು ಬಾಗಿಲಿನಷ್ಟೇ ಎತ್ತರದ ಅಕ್ಷರವಾಗಿ ನಿಂತಿರುತ್ತದೆ. ಆ ಸದ್ದುಗಳನ್ನು ಕನ್ನಡದಲ್ಲಿ ಕೈಯಿಂದಲೇ ಬರೆಯುವವರು ಬೇಕಿತ್ತು.

ಒಂದು ತೊಡಕಿತ್ತು. ಚಿತ್ರ ಬರೆದವರು ಎಂಬತ್ತು ದಾಟಿದ ಹೆಂಗಸು. ತಾವು ಬರೆದ ಸದ್ದಿನ ಮೇಲೆ ಬೇರೆ ಲಿಪಿ ಬರೆಯಲು ಅವರು ಯಾರಿಗೂ ಬಿಟ್ಟಿರಲಿಲ್ಲ. ಇಂಗ್ಲಿಷಿನಲ್ಲೂ ಅವರ ಅಕ್ಷರ ಹಾಗೇ ಉಳಿದು, ಅಂಚಿನಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಅರ್ಥ ಹಾಕಿದ್ದರು. ಪ್ರಕಾಶಕಿ ನನ್ನ ಕೈಯ ಒಂದು ಪುಟ ಕಳಿಸಿದಾಗ, ಈ ಅಕ್ಷರ ದುಂಡಗಿದೆ, ಬರೆದವನೊಬ್ಬನನ್ನೇ ಕಳಿಸಿ, ನನ್ನೆದುರು ಬರೆಯಲಿ, ಆಮೇಲೆ ಹೇಳುತ್ತೇನೆ ಎಂದು ಉತ್ತರ ಬಂತು. ಅವರು ಒಪ್ಪಿದರೆ ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಕೈಯಕ್ಷರ ಪುಸ್ತಕವಾಗುತ್ತದೆ. ಒಪ್ಪದಿದ್ದರೆ ಮೂರೂ ಸಂಪುಟಕ್ಕೆ ಆಗಲೇ ಬರೆದಿಟ್ಟಿದ್ದ ನನ್ನ ಆರು ತಿಂಗಳ ಕೆಲಸ ಗೋಡೆ ಬರೆಯುವಾಗ ನೆಲಕ್ಕೆ ಹಾಸುವ ಕಾಗದವಾಗುತ್ತದೆ. ನನಗೆ ಎಷ್ಟು ಆಸೆಯಿತ್ತು ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಕಲ್ಯಾಣದುರ್ಗ

ಹೊರಡುವ ಮೊದಲು ಅಕ್ಕನನ್ನು ನೋಡಲು ಕಲ್ಯಾಣದುರ್ಗಕ್ಕೆ ಹೋದೆ. ಗಿರಿಜಕ್ಕ ಅಲ್ಲಿ ಬಟ್ಟೆ ಹೊಲಿಯುತ್ತಾಳೆ. ಭಾವ ಬೇಗ ಹೋದರು. ಆಮೇಲೆ ಇಪ್ಪತ್ತೈದು ವರ್ಷ ಅಕ್ಕ ಮತ್ತು ಅವಳ ನಾದಿನಿ ರತ್ನ ಒಂದೇ ಮನೆಯಲ್ಲಿ ಎರಡು ಹೊಲಿಗೆ ಮಿಷನ್ ಇಟ್ಟುಕೊಂಡು, ದಿನವೂ ಜಗಳವಾಡಿಕೊಂಡು ಬಾಳಿದರು. ಕಾಫಿಗೆ ಬೆಲ್ಲವೋ ಸಕ್ಕರೆಯೋ ಎಂಬ ಒಂದು ಜಗಳ ಕಾಲು ಶತಮಾನ ನಡೆಯಿತು. ಹೋದ ವರ್ಷ ರತ್ನ ತೀರಿಕೊಂಡಳು. ಅಂದಿನಿಂದ ಅಕ್ಕ ಹೆಚ್ಚು ಮಾತಾಡುವುದನ್ನು ಬಿಟ್ಟಿದ್ದಳು, ಟಿ.ವಿ. ಹಾಕುವುದನ್ನೂ ಬಿಟ್ಟಿದ್ದಳು.

ನಾನು ನನ್ನ ಅಕ್ಷರ ಕೂರಿಸಿದ ಮೂರೂ ಸಂಪುಟದ ಕರಡು ಪ್ರತಿ ಅವಳ ಮುಂದೆ ಇಟ್ಟೆ. ಅವಳು ಕನ್ನಡಕ ಏರಿಸಿ, ಬಲಗಡೆಯಿಂದ ಓದಬೇಕೆಂದು ಕೇಳಿ, ಇಷ್ಟು ವರ್ಷ ಮುಂದಿನಿಂದ ಓದಿದ್ದರಲ್ಲಿ ಏನು ಕಡಿಮೆಯಾಗಿತ್ತು ಎಂದಳು. ಆದರೂ ಪುಟ ತಿರುವಿದಳು. ನಾನು ಅವಳ ಮುಖವನ್ನೇ ನೋಡುತ್ತಾ ಕೂತಿದ್ದೆ, ಬೋರ್ಡ್ ಬರೆದು ಗಿರಾಕಿಯ ಮುಖ ನೋಡುವ ಹಾಗೆ. ಮಗ್ಗದ ಸದ್ದನ್ನು ನಾನು ನಮ್ಮ ಟಕ್ಕಟಕಾ ಮಾಡಿದ್ದೆ, ಲಾಳಿ ಅತ್ತಿತ್ತ ಓಡುವಾಗ ಸರ್ರ್ ಎಂದು ಅಕ್ಷರವನ್ನೇ ಉದ್ದಕ್ಕೆ ಎಳೆದಿದ್ದೆ. ಅವಳು ಪುಟ ತಿರುವುತ್ತಲೇ ಇದ್ದಳು. ಬಸ್ಸಿಗೆ ಹೊತ್ತಾಯಿತು ಎಂದಾಗ ಕಡ್ಲೆಬೀಜದ ಉಂಡೆಯ ಡಬ್ಬಿ ಕೊಟ್ಟಳು. ಪುಸ್ತಕವನ್ನು ಮಾತ್ರ ವಾಪಸು ಕೊಡಲಿಲ್ಲ.

ಇಲ್ಲಿ ನನ್ನ ಒಂದು ಜಂಬದ ವಿಷಯ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಜಪಾನಿನವರು ಮೌನಕ್ಕೂ ಒಂದು ಸದ್ದು ಇಟ್ಟುಕೊಂಡಿದ್ದಾರೆ. ಮಾಂಗಾದಲ್ಲಿ ಯಾರೂ ಮಾತಾಡದೆ, ಏನೂ ಅಲುಗಾಡದೆ ಇದ್ದಾಗ ಪುಟದ ತುಂಬ ‘ಶೀನ್’ ಎಂದು ಬರೆಯುತ್ತಾರೆ. ನಮ್ಮ ಕಥೆಯಲ್ಲಿ ಮಗ್ಗ ನಿಂತಾಗಲೆಲ್ಲ ಅದು ಬರುತ್ತದೆ, ಒಟ್ಟು ಹನ್ನೊಂದು ಪುಟ. ಮೌನಕ್ಕೆ ಸದ್ದು ಲೋಕದ ಇನ್ಯಾವ ಭಾಷೆಯಲ್ಲೂ ಇಲ್ಲ ಎಂದು ನಾನು ಪ್ರಕಾಶಕಿಗೆ ಭಾಷಣ ಮಾಡಿ, ಅವರ ಶಬ್ದವನ್ನೇ ಕನ್ನಡ ಅಕ್ಷರದಲ್ಲಿ ಬರೆದೆ. ಬರೆಯುವಾಗ ಆ ಕೊನೆಯ ‘ನ್’ ತೊಂದರೆ ಕೊಟ್ಟಿತು. ಅದನ್ನು ನಮ್ಮ ಕಡೆ ನಕಾರಪೊಲ್ಲು ಎನ್ನುತ್ತೇವೆ. ಅದರ ಬಾಲ ಮೇಲಕ್ಕೆದ್ದು ಪುಟದ ಅಂದವನ್ನೇ ಕೆಡಿಸುತ್ತಿತ್ತು. ಬಾಲ ಕತ್ತರಿಸಿ ಹಾಕಿದೆ. ‘ಶೀ…ನ’ ಎಂದು ದೊಡ್ಡದಾಗಿ, ದುಂಡಗೆ, ನೋಡಲು ಬಹಳ ಚೆನ್ನಾಗಿ ಬಂತು.

ಟೋಕಿಯೊ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಟರ್ಪೆಂಟೈನ್ ಸೀಸೆ ಕಸಿದುಕೊಂಡರು. ಅದು ಹೊಡೆಯುವ ಬಾಂಬಲ್ಲ, ಕುಂಚ ತೊಳೆಯುವುದು ಎಂದು ವಿವರಿಸಲು ಹೋಗಿ ‘ಬಾಂಬ್’ ಎಂಬ ಮಾತನ್ನು ಅಲ್ಲಿ ಎರಡು ಸಲ ಉಚ್ಚರಿಸಿದೆ. ಆ ಮಾತು ಅಲ್ಲಿ ಆಡಬಾರದಂತೆ. ಕುಂಚಗಳನ್ನು ಉಳಿಸಿಕೊಂಡು ವಿಮಾನ ಹತ್ತುವ ಹೊತ್ತಿಗೆ ನನ್ನ ಚೀಲದಲ್ಲಿದ್ದ ಒಂದೊಂದು ಬನಿಯನ್ನೂ ಮೂರು ಜನ ಪರಿಚಯ ಮಾಡಿಕೊಂಡಿದ್ದರು.

ಟೋಕಿಯೊದಲ್ಲಿ ನನ್ನನ್ನು ಎದುರುಗೊಳ್ಳಲು ಬಂದವಳು ಎಮಿ, ಪ್ರಕಾಶಕಿ ಗೊತ್ತುಮಾಡಿದ್ದ ದುಭಾಷಿ. ಮೈಸೂರಿನಲ್ಲಿ ಎರಡು ವರ್ಷ ಹಳಗನ್ನಡ ವ್ಯಾಕರಣ ಓದಿದ ಜಪಾನಿ ಹುಡುಗಿ. ನನ್ನನ್ನು ನೋಡಿದವಳೇ ಸೊಂಟದಿಂದ ಬಗ್ಗಿ, “ತಮ್ಮ ಪ್ರಯಾಣವು ಸುಖಕರವಾಗಿತ್ತೇ?” ಎಂದು ಕೇಳಿದಳು. ಇಷ್ಟು ಶುದ್ಧ ಕನ್ನಡ ನನ್ನ ಕಿವಿಗೆ ಬಿದ್ದದ್ದು ಹೈಸ್ಕೂಲಿನ ನಾಟಕದಲ್ಲಿ. ಗಾಬರಿಯಲ್ಲಿ ನಾನು, “ಎಲ್ಲಾ ಚೆನ್ನಾಗಾಯ್ತು ಮೇಡಂ, ಹೋಗಾನ ನಡೀರಿ” ಎಂದೆ. ಅವಳು ಚೀಲದಿಂದ ಪುಸ್ತಕ ತೆಗೆದು ‘ಹೋಗಾನ’ ಎಂದು ಬರೆದುಕೊಂಡು, ಇದು ನಾಮಪದವೇ ಎಂದು ವಿಚಾರಿಸಿದಳು. ನನ್ನ ಕನ್ನಡ ಅವಳಿಗೆ ಪಾಠವಾಯಿತು, ಅವಳ ಕನ್ನಡಕ್ಕೆ ನನಗೆ ಬೆವರು ಬಂತು. ಸುರಂಗ ರೈಲಿನ ಮೆಟ್ಟಿಲಲ್ಲಿ ಎಡವಿದಾಗ, “ಜಾಗ್ರತೆ, ಮುಂದೆ ಸೋಪಾನಗಳಿವೆ” ಎಂದಳು. ಸೋಪಾನ ಎಂದರೇನು ಎಂದು ನೆನಪಿಸಿಕೊಳ್ಳುವುದರೊಳಗೆ ಇನ್ನೊಂದು ಸಲ ಎಡವಿದೆ.

ಸಂಜೆ ಅವಳು ಒಂದು ಪುಸ್ತಕದಂಗಡಿಗೆ ಕರೆದುಕೊಂಡು ಹೋದಳು. ಏಳು ಅಂತಸ್ತು, ಮುಕ್ಕಾಲು ಪಾಲು ಮಾಂಗಾ. ಆಫೀಸಿನ ಕೋಟು ಹಾಕಿದ ಗಂಡಸರು ಸಾಲಾಗಿ ನಿಂತುಕೊಂಡೇ ಓದುತ್ತಿದ್ದರು. ಯಾರೂ ಅವರನ್ನು ಕೊಳ್ಳುವುದಾದರೆ ಕೊಳ್ಳಿ ಎಂದು ಗದರಿಸುತ್ತಿರಲಿಲ್ಲ. ನಮ್ಮೂರ ಪೇಪರ್ ಅಂಗಡಿಯಲ್ಲಿ ಹೆಡ್‌ಲೈನು ಓದುವಷ್ಟರಲ್ಲಿ ಮಾಲೀಕ ಪೇಪರು ಮಡಚುತ್ತಾನೆ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಪದ್ಧತಿ. ಪುಸ್ತಕದ ರಾಶಿಯ ಪಕ್ಕ ಅಂಗೈಯಗಲದ ಕಾರ್ಡುಗಳು ನಿಂತಿದ್ದವು. ಅಂಗಡಿಯ ಕೆಲಸದವರು ತಾವು ಓದಿ ಮೆಚ್ಚಿದ ಪುಸ್ತಕಕ್ಕೆ ತಾವೇ ಕೈಯಿಂದ ಬರೆದಿಟ್ಟ ಶಿಫಾರಸು ಅದು. ಬಣ್ಣದ ಪೆನ್ನು, ಅಂಚಿಗೆ ಬಳ್ಳಿ, ಒಂದೊಂದರ ಕೈ ಒಂದೊಂದು ತರಹ. ಅಷ್ಟು ದೊಡ್ಡ ಪಟ್ಟಣದಲ್ಲಿ, ಕಂಪ್ಯೂಟರು ಕಣ್ಣು ಮಿಟುಕಿಸುವ ಊರಿನಲ್ಲಿ, ಕೈಯಕ್ಷರಕ್ಕೆ ಇನ್ನೂ ಕೆಲಸವಿತ್ತು. ನಾನು ಒಂದೊಂದು ಕಾರ್ಡಿನ ಮುಂದೆಯೂ ನಿಂತು ನೋಡಿದೆ.

ಆ ಉತ್ಸಾಹದಲ್ಲಿ ಒಂದು ದಡ್ಡತನ ಮಾಡಿದೆ. ಒಂದು ಅಕ್ಷರವೂ ಓದಲು ಬಾರದ ನಾನು ಬರೀ ಕೈಬರಹ ನೋಡಿ ಮೂರು ಪುಸ್ತಕ ಆರಿಸಿಕೊಂಡೆ. ಒಳ್ಳೆಯ ಕೈ ಬರೆದದ್ದು ಒಳ್ಳೆಯ ಪುಸ್ತಕವೇ ಇರಬೇಕು ಎಂದು ಎಮಿಗೆ ಭಾಷಣ ಮಾಡಿದೆ. ರೂಮಿಗೆ ಬಂದ ಮೇಲೆ ಅವಳು ನಿಧಾನಕ್ಕೆ ತಿಳಿಸಿದಳು. ಮೊದಲನೆಯದು ಆದಾಯ ತೆರಿಗೆ ಕಟ್ಟುವ ವಿಧಾನ. ಎರಡನೆಯದು ವಯಸ್ಸಾದ ನಾಯಿಗಳ ಪಥ್ಯ. ಮೂರನೆಯದು ನಿಜವಾಗಿಯೂ ಚಿನ್ನ: ಜನರೆಲ್ಲ ಬಿಟ್ಟುಹೋದ ದ್ವೀಪದಲ್ಲಿ ಉಳಿದ ಒಬ್ಬ ಪೋಸ್ಟ್‌ಮ್ಯಾನ್ ದಿನವೂ ಖಾಲಿ ಮನೆಗಳ ಬಾಗಿಲು ತಟ್ಟಿ ಬರುವ ಕಥೆ, ಐದು ಸಂಪುಟ. ಎಮಿ ಓದಿ ಹೇಳಿದ್ದನ್ನು ಕೇಳಿಯೇ ನಾನು ಅದನ್ನು ನಿಮಗೆ ಶಿಫಾರಸು ಮಾಡುತ್ತಿದ್ದೇನೆ. ನಾಯಿಯ ಪುಸ್ತಕದ ಚಿತ್ರಗಳೂ ಪರವಾಗಿಲ್ಲ.

ಕಿರ್ಯೂ ರೈಲು

ಮರುದಿನ ಬೆಳಗ್ಗೆ ಕಿರ್ಯೂವಿಗೆ ರೈಲು. ಜಪಾನಿನ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಫೋನಿನಲ್ಲಂತೂ ಮಾತಾಡಲೇಬಾರದು, ಅದು ಬರೆದಿಡದ ಕಾನೂನು. ಅಷ್ಟು ಜನ ಕೂತಿದ್ದಾರೆ, ಒಬ್ಬರು ಇನ್ನೊಬ್ಬರನ್ನು ಯಾವೂರು ಎಂದು ಕೇಳುವುದಿಲ್ಲ. ಹಿಂದೂಪುರದಿಂದ ಪೆನುಕೊಂಡಕ್ಕೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ನಾನು ಎರಡು ಸಂಬಂಧ ಕುದುರಿಸಬಲ್ಲೆ. ಇಲ್ಲಿ ಉಸಿರನ್ನೂ ಕೇಳಿ ಬಿಡಬೇಕೇನೋ ಎಂದು ಕೂತಿದ್ದಾಗ ನನ್ನ ಫೋನು ಬಡಿದುಕೊಂಡಿತು. ವಿಡಿಯೋದಲ್ಲಿ ಅಕ್ಕ. ಅಲ್ಲಿ ಇನ್ನೂ ಬೆಳಕು ಹರಿಯುವ ಹೊತ್ತು.

“ಬಸೂ, ಮೂರು ಪುಸ್ತಕಾನೂ ಮುಗುಸ್ಬುಟ್ಟೆ ಕಣ್ಲಾ. ಆ ಶೀನ ಯಾವಾಗ ಬತ್ತಾನೆ?”

“ಯಾವ ಶೀನ?”

“ಮಗ್ಗ ನಿಂತಾಗೆಲ್ಲ ಆಯಮ್ಮ ಕರೀತಾಳಲ್ಲ, ಆ ಶೀನ. ಹನ್ನೊಂದು ಸತಿ ಕರುದ್ಲು. ಪುಣ್ಯಾತ್ಮ ಒಂದು ಸತೀನಾದ್ರೂ ಓ ಅನ್ಲಿಲ್ವಲ್ಲ.”

ಆಗ ನನಗೆ ಹೊಳೆಯಿತು. ಶೀನ ಎಂದರೆ ನಮ್ಮಲ್ಲಿ ಶ್ರೀನಿವಾಸ. ಮನೆಗೊಬ್ಬ ಶೀನ, ಬೀದಿಗೆ ಮೂವರು. ನಕಾರಪೊಲ್ಲಿನ ಬಾಲ ಕತ್ತರಿಸಿ ನಾನು ಮೌನವನ್ನು ಒಬ್ಬ ಗಂಡಸನ್ನಾಗಿ ಮಾಡಿಬಿಟ್ಟಿದ್ದೆ. ಅಕ್ಕ ಅವನ ಬಗ್ಗೆ ಪೂರಾ ಯೋಚಿಸಿದ್ದಳು. ಮೊದಲ ಸಂಪುಟದಲ್ಲಿ ಅವನು ಕೆಲಸದ ಜೊತೆಗಾರನಿರಬೇಕು ಎಂದುಕೊಂಡಳಂತೆ, ಎರಡನೆಯದರಲ್ಲಿ ಗಂಡನೋ ಎಂಬ ಅನುಮಾನ, ಕೊನೆಗೆ ತಮ್ಮನೇ ಇರಬೇಕು, ತಮ್ಮಂದಿರೇ ಹೀಗೆ ಕರೆದಾಗ ಬಾರದವರು ಎಂದು ತೀರ್ಮಾನ ಮಾಡಿದ್ದಳು. ನಾನು ಎಲ್ಲಿದ್ದೇನೆ ಎಂಬುದನ್ನೇ ಮರೆತು, “ಶೀನ ಅಲ್ಲಕ್ಕ, ಶೀನ್! ಶೀನ್!” ಎಂದು ಕೂಗಿದೆ.

ಬೋಗಿಯಲ್ಲಿದ್ದವರೆಲ್ಲ ತಮ್ಮ ತಮ್ಮ ಬೂಟುಗಳನ್ನು ನೋಡತೊಡಗಿದರು. ಎಮಿಯ ಮುಖ ಕೆಂಪಾಯಿತು. ಫೋನು ಕಟ್ ಮಾಡಿದ ಮೇಲೆ ಅವಳು ನನ್ನ ಕಿವಿಯ ಬಳಿ, “ತಾವು ಈಗ ನಿಶ್ಶಬ್ದ, ನಿಶ್ಶಬ್ದ ಎಂದು ಆರ್ಭಟಿಸಿದಿರಿ” ಎಂದಳು.

ಉಳಿದ ದಾರಿಯಲ್ಲಿ ನಾನು ಒಂದು ಸಂಚು ಹೂಡಿದೆ. ಉಳಿದ ಪುಟಗಳ ಜೊತೆ ಆ ಹನ್ನೊಂದು ಪುಟವೂ ಒಂದು ವಾರ ಮೊದಲೇ ಆ ಹಿರಿಯ ಹೆಂಗಸಿನ ಮನೆ ಸೇರಿದ್ದವು. ಅವರಿಗೆ ಕನ್ನಡ ಬಾರದು. ವ್ಯಾಕರಣ ಬಲ್ಲ ಎಮಿಗೂ ಶೀನ ಎಂಬ ಹೆಸರು ಗೊತ್ತಿರಲಿಲ್ಲ, ನಾನೇ ಹೇಳಬೇಕಾಯಿತು. ಆದ್ದರಿಂದ ಬಾಯಿ ಮುಚ್ಚಿಕೊಂಡು ಒಪ್ಪಿಗೆ ಪಡೆಯುವುದು, ಊರಿಗೆ ಹೋಗಿ ಎಲ್ಲ ಶೀನರಿಗೂ ಬಾಲ ಅಂಟಿಸುವುದು. ಎಮಿಗೆ ಇದು ಇಷ್ಟವಾಗಲಿಲ್ಲ. ಆದರೂ ನಿರ್ಧಾರ ತಮ್ಮದು ಎಂದಳು. ನನಗೆ ಆ ಪುಸ್ತಕ ಬೇಕಿತ್ತು, ಅದಕ್ಕಾಗಿ ಸುಳ್ಳು ಹೇಳಲು ತಯಾರಾಗಿದ್ದೆ. ಬೇರೆ ಕಾರಣ ಏನೂ ಇಲ್ಲ.

ಸೆನ್ಸೇ ಮನೆ

ಕಿರ್ಯೂವಿನಲ್ಲಿ ಗರಗಸದ ಹಲ್ಲಿನಂತೆ ಚಾವಣಿಯಿರುವ ಹಳೆಯ ಮಿಲ್ಲುಗಳಿವೆ. ಈಗ ಒಂದರಲ್ಲಿ ಬ್ರೆಡ್ ಮಾರುತ್ತಾರೆ, ಒಂದರಲ್ಲಿ ಹಳೆ ಕಾರು ಇಟ್ಟಿದ್ದಾರೆ. ಅಂಥದೊಂದರ ಹಿಂದೆ ಆ ಚಿತ್ರಗಾರ್ತಿಯ ಮನೆ. ಮಾಂಗಾ ಬರೆಯುವವರನ್ನು ಅಲ್ಲಿ ಸೆನ್ಸೇ ಎಂದು ಕರೆಯುತ್ತಾರೆ, ನಾವು ಮೇಷ್ಟ್ರೇ ಎನ್ನುವ ಹಾಗೆ. ಸೆನ್ಸೇ ಕುಳ್ಳಗೆ, ಗಟ್ಟಿಯಾಗಿ ಇದ್ದರು. ಬಲಗೈಯ ಮಧ್ಯದ ಬೆರಳಿನಲ್ಲಿ ಪೆನ್ನು ಹಿಡಿದು ಹಿಡಿದು ಬಂದ ಗಂಟಿತ್ತು. ನನ್ನ ಬೆರಳಿನಲ್ಲೂ ಇದೆ. ಅವರು ನನ್ನ ಕೈ ಹಿಡಿದು ಆ ಗಂಟನ್ನು ಮುಟ್ಟಿ ನೋಡಿ, ಆಮೇಲೆ ಕೂರಲು ಹೇಳಿದರು.

ನಾನು ಅಕ್ಕನ ಉಂಡೆ ಕೊಟ್ಟೆ. ಅವರು ಒಂದನ್ನು ಕಚ್ಚಿ, ಸದ್ದು ಚೆನ್ನಾಗಿದೆ ಎಂದರಂತೆ. ರುಚಿಯ ಬಗ್ಗೆ ಏನೂ ಹೇಳಲಿಲ್ಲ. ಮಗ್ಗದ ಪುಟಗಳನ್ನು ಒಂದೊಂದಾಗಿ ನೋಡಿ ತಲೆಯಾಡಿಸಿದರು. ನಂತರ ಆ ಹನ್ನೊಂದು ಪುಟ ತೆಗೆದು, ನಿಮ್ಮ ಭಾಷೆಯಲ್ಲಿ ಮೌನದ ಸದ್ದು ಯಾವುದು ಎಂದು ಕೇಳಿದರು. ಇಲ್ಲ ಸೆನ್ಸೇ, ನಮ್ಮಲ್ಲಿ ಅಂಥದ್ದಿಲ್ಲ, ಮೌನ ಎಂದರೆ ನಮಗೆ ಸದ್ದಿಲ್ಲದ್ದು, ಅದಕ್ಕೇ ತಮ್ಮದನ್ನೇ ಇಟ್ಟಿದ್ದೇನೆ ಎಂದೆ. ಓದಿದವರಿಗೆ ತಿಳಿಯಿತೇ ಎಂದು ಕೇಳಿದರು. ಬಹಳ ಚೆನ್ನಾಗಿ ತಿಳಿಯಿತು ಎಂದೆ. ಎಮಿ ಚಾಪೆಯ ಹೆಣಿಗೆ ನೋಡುತ್ತಾ ಅದನ್ನು ಜಪಾನಿಗೆ ತಿರುಗಿಸಿದಳು.

ಆಗ ಮತ್ತೆ ಫೋನು. ಅಕ್ಕ ಕೇಳಿದ್ದಕ್ಕೆ ಉತ್ತರ ಸಿಗದೆ ಬಿಡುವವಳಲ್ಲ. ಕಟ್ ಮಾಡಲು ಹೋದೆ, ಸೆನ್ಸೇ ಯಾರೆಂದು ಕೇಳಿದರು. ಎಮಿಗೆ ಸುಳ್ಳು ಅನುವಾದ ಮಾಡಲು ಬರುವುದಿಲ್ಲ. ಪುಸ್ತಕ ಓದಿದ ಅಕ್ಕ ಎಂದುಬಿಟ್ಟಳು. ಸೆನ್ಸೇ ಕೈ ಚಾಚಿ ಫೋನನ್ನು ತಾವೇ ಇಸಿದುಕೊಂಡು, ತಮ್ಮ ಮುಖದ ಮುಂದೆ ಹಿಡಿದರು. ಅಕ್ಕ ಸೆರಗು ಸರಿಮಾಡಿಕೊಂಡಳು.

ನಮಸ್ಕಾರಗಳಾದ ಮೇಲೆ ಅಕ್ಕ ನೇರವಾಗಿ ವಿಷಯಕ್ಕೆ ಬಂದಳು. ಅವಳ ಕನ್ನಡ ಎಮಿಗೆ ಅರ್ಥವಾಗಲಿಲ್ಲ. ಅದನ್ನು ನಾನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಎಮಿಗೆ ಹೇಳಬೇಕು, ಅವಳು ಜಪಾನಿಗೆ. ತಪ್ಪಿಸಿಕೊಳ್ಳಲು ನನಗೆ ಮತ್ತೆ ದಾರಿ ಸಿಕ್ಕಿತು ಎಂದುಕೊಂಡು, ಅಕ್ಕನವರು ಪುಸ್ತಕವನ್ನು ಮೆಚ್ಚಿದ್ದಾರೆ ಎಂದೆ. ಅಕ್ಕ, ಅದಲ್ಲ ನಾನು ಹೇಳಿದ್ದು, ಶೀನನ ವಿಷಯ ಕೇಳು ಎಂದು ಗದರಿಸಿದಳು. ಶೀನ ಎಂಬ ಒಂದು ಮಾತಿಗೆ ಎಮಿಯೂ ಬೇಕಿರಲಿಲ್ಲ, ನಾನೂ ಬೇಕಿರಲಿಲ್ಲ. ಸೆನ್ಸೇ ತಿರುಗಿ ನನ್ನನ್ನು ನೋಡಿದರು. ನಾನು ಎಲ್ಲವನ್ನೂ ಹೇಳಿದೆ. ಅಂದ ಕೆಡುತ್ತದೆ ಎಂದು ಬಾಲ ಕತ್ತರಿಸಿದ್ದು, ಶೀನ ಎಂದರೆ ಯಾರು ಎಂಬುದು, ರೈಲಿನಲ್ಲಿ ಹೂಡಿದ ಸಂಚನ್ನೂ ಸೇರಿಸಿ.

ಸೆನ್ಸೇ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಹನ್ನೊಂದು ಪುಟವನ್ನೂ ಚಾಪೆಯ ಮೇಲೆ ಸಾಲಾಗಿ ಹರಡಿದರು. ಮಂಡಿಯೂರಿ ಒಂದೊಂದರ ಮುಂದೆಯೂ ಸ್ವಲ್ಪ ಹೊತ್ತು ಕೂತರು. ನನ್ನ ಆರು ತಿಂಗಳು ಅಲ್ಲಿ ಮಲಗಿತ್ತು, ಮುಗಿಯಿತು ಎಂದುಕೊಂಡೆ. ಎದ್ದು ಫೋನಿನ ಹತ್ತಿರ ಬಂದು ಅವರು ಅಕ್ಕನನ್ನು ಒಂದು ಪ್ರಶ್ನೆ ಕೇಳಿದರು. ಈ ಹೆಂಗಸು ಯಾರನ್ನೂ ಕರೆಯುತ್ತಿಲ್ಲ, ಅಲ್ಲಿ ಯಾರೂ ಇಲ್ಲ. ಹಾಗಾದರೆ ಮಗ್ಗ ನಿಂತ ಮೇಲೆ ನಿಮಗೆ ಏನು ಕೇಳಿಸುತ್ತದೆ?

ಅಕ್ಕನಿಗೆ ಇದೇನು ಕೇಳುವ ಮಾತೇ ಎನ್ನಿಸಿತು. “ಯಾರೂ ಇಲ್ದಿದ್ರೆ ಇನ್ನೇನಮ್ಮ, ಮನೆ ಬಿಕೋ ಅಂತದೆ. ತೆಲುಗ್ನಾಗೆ ಬಾವುರುಮಂಟಾಂದಿ ಅಂತೀವಿ. ಇಲ್ಲಿ ಈಗಲೂ ಅಂಗೇ ಅಂತಾ ಐತೆ.”

ಬಿಕೋ. ಹುಟ್ಟಿದಾಗಿನಿಂದ ಕೇಳಿದ ಮಾತು. ಹಬ್ಬ ಮುಗಿಸಿ ನೆಂಟರು ಹೋದ ಮೇಲೆ ಮನೆ ಬಿಕೋ ಎನ್ನುತ್ತದೆ ಎಂದು ನಾನೇ ನೂರು ಸಲ ಹೇಳಿದ್ದೇನೆ. ಲೋಕದ ಯಾವ ಭಾಷೆಯಲ್ಲೂ ಇಲ್ಲ ಎಂದು ಬೆಂಗಳೂರಿನಲ್ಲೂ ಜಪಾನಿನಲ್ಲೂ ಭಾಷಣ ಮಾಡಿದ ಎರಡು ಭಾಷೆಯ ಪಂಡಿತನಿಗೆ ಅವೆರಡು ಭಾಷೆಯಲ್ಲೂ ಅದು ಇತ್ತೆಂದು ಹೊಳೆದಿರಲಿಲ್ಲ. ಎಮಿ ತನ್ನ ಪುಸ್ತಕದಲ್ಲಿ ಆ ಪದ ಬರೆದುಕೊಂಡು ಅದರ ಕೆಳಗೆ ಎರಡು ಗೆರೆ ಎಳೆದಳು.

ಸೆನ್ಸೇ ಆ ಮಾತನ್ನು ತಮ್ಮ ಬಾಯಲ್ಲಿ ಎರಡು ಮೂರು ಸಲ ಹೇಳಿ ನೋಡಿದರು. ಕೊನೆಯ ‘ಕೋ’ವನ್ನು ಉದ್ದಕ್ಕೆ ಬಿಟ್ಟರು. ಒಂದು ಬಿಳಿ ಹಾಳೆ ನನ್ನ ಮುಂದೆ ಇಟ್ಟು ಮಸಿ ತಳ್ಳಿದರು. ಕುಂಚ ಅದ್ದಿದೆ. ಮೊದಲನೆಯದನ್ನು ಬರೆದು ನೋಡಿದರೆ ‘ಬಿ’ ಕನ್ನಡದ್ದು, ‘ಕೋ’ ತೆಲುಗಿನದು. ಅವರಿಗೆ ತಿಳಿಯುತ್ತಿರಲಿಲ್ಲ. ಆದರೂ ಇದು ತಪ್ಪು, ಇದು ಪಕ್ಕದ ಭಾಷೆ ಎಂದು ಹೇಳಿ ಇನ್ನೊಂದು ಹಾಳೆ ಕೇಳಿದೆ. ಎರಡನೆಯ ಸಲ ನಿಧಾನಕ್ಕೆ ಬರೆದೆ. ‘ಕೋ’ವಿನ ದೀರ್ಘವನ್ನು ಪುಟದ ಅಂಚಿನ ತನಕ ಎಳೆದು, ಮಸಿ ತಾನಾಗಿಯೇ ಮುಗಿಯಲು ಬಿಟ್ಟೆ. ಸೆನ್ಸೇ ಹಾಳೆಯನ್ನು ಬೆಳಕಿಗೆ ಹಿಡಿದರು. ಆಮೇಲೆ ಒಂದು ಸಣ್ಣ ಡಬ್ಬಿ ತೆರೆದು ತಮ್ಮ ಹೆಸರಿನ ಮುದ್ರೆಯನ್ನು ಕೆಂಪು ಮಸಿಗೆ ಒತ್ತಿ, ಹಾಳೆಯ ಮೂಲೆಯಲ್ಲಿ ಒತ್ತಿದರು. ಅದು ಒಪ್ಪಿಗೆ ಎಂದು ಎಮಿ ಹೇಳುವ ಮೊದಲೇ ನನಗೆ ತಿಳಿಯಿತು. ಎಮಿಯ ಮುಂದೆ ಅಳಬಾರದು ಎಂದುಕೊಂಡಿದ್ದೆ, ಆಗಲಿಲ್ಲ.

ಅಕ್ಕ ಇನ್ನೂ ಫೋನಿನಲ್ಲೇ ಇದ್ದಳು. ಹನ್ನೊಂದೂ ಪುಟ ಹಾಗೆ ಬರೆಯುತ್ತೇನೆ ಎಂದು ಖುಷಿಯಿಂದ ಹೇಳಿದೆ. ಅವಳು ಖುಷಿಪಡಲಿಲ್ಲ. ಹಾಗಾದರೆ ಆಯಮ್ಮ ಇಷ್ಟು ದಿನ ಯಾರನ್ನೂ ಕರೆಯಲೇ ಇಲ್ಲವೇ ಎಂದು ಕೇಳಿದಳು. ಇಲ್ಲ ಎಂದೆ. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

“ಹತ್ತು ಪುಟದಾಗೆ ಬಿಕೋ ಅಂತ್ಲೇ ಬರ‍್ಕೋ. ಕೊನೇ ಪುಟದಾಗೆ ಮಾತ್ರ ಶೀನನ್ನ ಅಳುಸ್ಬ್ಯಾಡ ಕಣೋ. ನಾನೂ ಕಾಫಿ ಕಾಸ್ದಾಗೆಲ್ಲ ರತ್ನಾ ಅಂತ ಕೂಗ್ತೀನಿ. ಬರಾಕಿಲ್ಲ ಅಂತ ಗೊತ್ತು. ಕೂಗ್ದೆ ಇದ್ರೆ ಆ ಕಾಫಿ ಒಳಗೆ ಇಳಿಯಾಕಿಲ್ಲ.”

ನಾನು ಅದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಲು ಹೋಗಿ ಅರ್ಧಕ್ಕೆ ನಿಂತೆ. ಎಮಿ ಬೇಡ ಎಂದು ಕೈ ಮಾಡಿ, ತಾನೇ ಸೆನ್ಸೇಗೆ ಹೇಳಿದಳು. ಈ ಸಲ ಅವಳಿಗೆ ನನ್ನ ಸಹಾಯ ಬೇಕಾಗಲಿಲ್ಲ.

ಸೆನ್ಸೇ ಚಾಪೆಯ ಮೇಲಿನ ಸಾಲಿನಿಂದ ಕೊನೆಯ ಪುಟ ಎತ್ತಿಕೊಂಡರು. ಅದರಲ್ಲಿ ಆ ಹೆಂಗಸು ತನ್ನ ಮನೆಯ ಮಗ್ಗವನ್ನೂ ಬಿಚ್ಚಿಟ್ಟು, ಕೈ ಒರೆಸಿಕೊಂಡು ಬಾಗಿಲ ಕಡೆ ನೋಡುತ್ತಿದ್ದಾಳೆ. ಮೇಲೆಲ್ಲ ಬಿಳಿ, ಆ ಬಿಳಿಯಲ್ಲಿ ನನ್ನ ಬಾಲವಿಲ್ಲದ ಅಕ್ಷರ. ಮುದ್ರೆಯನ್ನು ಮತ್ತೊಮ್ಮೆ ಮಸಿಗೆ ಒತ್ತಿ ಶೀನನ ಪಕ್ಕದಲ್ಲೇ ಒತ್ತಿದರು. ಅವರು ಹೇಳಿದ್ದನ್ನು ಎಮಿ ತನ್ನ ಕನ್ನಡದಲ್ಲಿ ತಿಳಿಸಿದಳು: “ಕೊನೆಯ ಪುಟದಲ್ಲಿ ಅವಳು ಕರೆಯಲಿ.”

ಮತ್ತೆ ಹಿಂದೂಪುರ

ಬೆಂಗಳೂರಿನಲ್ಲಿ ಪ್ರೂಫ್ ನೋಡುವವರು ಆ ಕೊನೆಯ ಪುಟಕ್ಕೆ ಎರಡು ಸಲ ಕೆಂಪು ಸುತ್ತು ಹಾಕಿ ಕಳಿಸಿದರು. ಹತ್ತು ಕಡೆ ಒಂದು ತರಹ, ಒಂದು ಕಡೆ ಇನ್ನೊಂದು ತರಹ ಇದೆ, ಸರಿಪಡಿಸಿ ಎಂದು ಪಕ್ಕದಲ್ಲಿ ಬರೆದಿದ್ದರು. ಎರಡು ಸಲವೂ ಹಾಗೇ ಇರಲಿ ಎಂದು ವಾಪಸು ಕಳಿಸಿದೆ. ಮೂವತ್ತು ವರ್ಷದಲ್ಲಿ ನಾನು ತಪ್ಪಿಲ್ಲ ಎಂದು ಹಟ ಹಿಡಿದದ್ದು ಬಹಳ ಸಲ ಇದೆ, ತಪ್ಪೇ ಇರಲಿ ಎಂದು ಹಟ ಹಿಡಿದದ್ದು ಇದೊಂದೇ.

ಪುಸ್ತಕ ಬಂದಿದೆ. ನಿಮಗೆ ಸಿಕ್ಕಿದರೆ ಓದಿ, ಬಲಗಡೆಯಿಂದ. ಮಗ್ಗದ ಸದ್ದು ಬಂದಾಗ ಬಾಯಿಬಿಟ್ಟು ಓದಿಕೊಳ್ಳಿ, ಚೆನ್ನಾಗಿರುತ್ತದೆ. ಕೊನೆಯ ಪುಟದಲ್ಲಿ ಒಬ್ಬಳು ಶೀನಾ ಎಂದು ಕರೆಯುತ್ತಾಳೆ. ಯಾರವನು, ಅಚ್ಚಿನ ತಪ್ಪೇ ಎಂದು ಕೇಳಲು ನನಗೆ ಫೋನ್ ಮಾಡಬೇಡಿ. ಕಲ್ಯಾಣದುರ್ಗದಲ್ಲಿ ಒಬ್ಬರು ಅವನಿಗಾಗಿ ಇನ್ನೂ ಕಾಯುತ್ತಿದ್ದಾರೆ.